ಸಾಲು ಸರಿಸುವ ರವೂಫ್

ಬೆಳಿಗ್ಗೆ ಐದೂವರೆ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಅಬ್ದುಲ್ ರವೂಫ್ ಸುಬಹಿ ನಮಾಝ್ ಮುಗಿಸಿ ಊಟದ ಮೇಜಿನ ಮುಂದೆ ಕೂತಿದ್ದಾರೆ. ಎದುರಿಗೆ ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನ್, ಬಲಗೈ ಕೆಳಗೆ ಅಂಗೈ ಅಗಲದ ಕಪ್ಪು ಚಕ್ರ. ಹೆಡ್‌ಫೋನಿನಲ್ಲಿ ನಿನ್ನೆಯ ಪ್ರಾಕ್ಟೀಸಿನ ರೆಕಾರ್ಡಿಂಗ್ ಓಡುತ್ತಿದೆ. ಹಾಡು ಒಂದು ಸಾಲು ದಾಟಿದ ಕೂಡಲೇ ಹೆಬ್ಬೆರಳು ಚಕ್ರವನ್ನು ಚೂರು ತಿರುಗಿಸುತ್ತದೆ. ಪರದೆಯ ಮೇಲಿನ ಅರಬ್ಬಿ ಅಕ್ಷರಗಳು ಒಂದು ಸಾಲು ಮೇಲಕ್ಕೆ ಸರಿಯುತ್ತವೆ.

“ಚಾ ಆರ್ತಾ ಉಂಟು,” ಅಡುಗೆಮನೆಯಿಂದ ಹೆಂಡತಿ ಮೈಮೂನ ಕೂಗುತ್ತಾರೆ. “ನಿಮ್ಮ ಮದಾಮ್ ಇನ್ನೂ ನಿದ್ದೆಯಲ್ಲಿರ್ತಾರೆ. ನೀವು ಮಾತ್ರ ಇಲ್ಲಿ ಕಛೇರಿ ಶುರು ಮಾಡಿದ್ದೀರಿ.”

ಹತ್ತನೇ ಕ್ಲಾಸಿನ ಮಗಳು ಹಸೀನ ಬ್ಯಾಗಿಗೆ ಪುಸ್ತಕ ತುಂಬುತ್ತಾ ತನ್ನದೂ ಒಂದು ಸೇರಿಸುತ್ತಾಳೆ: “ಉಪ್ಪ, ಯು ಡು ದಟ್ ಥಂಬ್ ಥಿಂಗ್ ಈವನ್ ಇನ್ ದ ಮೆಟ್ರೋ. ಪೀಪಲ್ ಸ್ಟೇರ್.”

ಮದಾಮ್ ಎಂದರೆ ವಿದಾದ್ ನಸ್ಸಾರ್. ಅರವತ್ಮೂರರ ಗಾಯಕಿ. ಸಿರಿಯಾದ ಹೋಮ್ಸ್‌ನಲ್ಲಿ ಹುಟ್ಟಿದವರು, ಮದುವೆ ಮನೆಗಳಲ್ಲಿ ಹಾಡುತ್ತಿದ್ದವರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಂದ ಒಂದೇ ಕ್ಯಾಸೆಟ್ಟು ಅವರ ಹೆಸರನ್ನು ಕೈರೊದಿಂದ ಕುವೈತ್‌ವರೆಗೆ ಒಯ್ದಿತು. ಹಾಡು ಬರೆದದ್ದು ಗಂಡ. ದುಬೈಗೆ ಬಂದು ನೆಲೆಸಿದ ಮೂರನೇ ವರ್ಷಕ್ಕೆ ಆತ ತೀರಿಕೊಂಡರು. ವಿದಾದ್ ಹಾಡುವುದನ್ನು ನಿಲ್ಲಿಸಲಿಲ್ಲ. ಈಗಲೂ ವರ್ಷಕ್ಕೆ ಮೂವತ್ತು ಕಾರ್ಯಕ್ರಮ, ಒಂದೊಂದರಲ್ಲಿ ಇಪ್ಪತ್ತೆರಡು ಹಾಡು. ಆದರೆ ಸಾಲುಗಳು ಮೊದಲಿನಂತೆ ನೆನಪಿನಲ್ಲಿ ನಿಲ್ಲುವುದಿಲ್ಲ. ವೇದಿಕೆಯ ಅಂಚಿನಲ್ಲಿ, ಹೂವಿನ ಕುಂಡಗಳ ಮರೆಗೆ, ಓರೆಯಾಗಿ ಇಟ್ಟ ಎರಡು ಪರದೆಗಳ ಮೇಲೆ ಹಾಡಿನ ಸಾಲುಗಳನ್ನು ಸರಿಸುವವರು ರವೂಫ್. ಕಾರ್ಯಕ್ರಮದ ಪಟ್ಟಿಯಲ್ಲಿ ಹೂವಿನ ಅಂಗಡಿಯ ಹೆಸರಿರುತ್ತದೆ, ಇವರದಿರುವುದಿಲ್ಲ.

ರವೂಫ್ ಮಂಗಳೂರು ಬಳಿಯ ಫರಂಗಿಪೇಟೆಯವರು. ಇಪ್ಪತ್ತೆರಡು ವರ್ಷಗಳ ಹಿಂದೆ ದುಬೈಗೆ ಬಂದು ಸೇರಿದ್ದು ಅಲ್ ಮುರಕ್ಕಬಾತ್‌ನ ಒಂದು ಜೆರಾಕ್ಸ್ ಅಂಗಡಿಗೆ. ಮೇಲಿನ ಮಹಡಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ವಾದ್ಯದವರು ಹಾಡಿನ ಹಾಳೆಗಳನ್ನು ತಂದು ಮೂವತ್ತು ಪ್ರತಿ ತೆಗೆಸುತ್ತಿದ್ದರು. ಬೇರೆಯವರ ಕೈಗೆ ಸಿಕ್ಕರೆ ಹಾಳೆಗಳು ಹಿಂದುಮುಂದಾಗುತ್ತಿದ್ದವು. ರವೂಫ್ ಕೈಯಲ್ಲಿ ಆಗುತ್ತಿರಲಿಲ್ಲ.

“ಮದ್ರಸದಲ್ಲಿ ಏಳು ವರ್ಷ ಓದಿದ್ದು ಮಾರ್ರೆ. ಅರ್ಥ ಗೊತ್ತಿಲ್ಲ, ಓದ್ಲಿಕ್ಕೆ ಬರ್ತದೆ. ಅಷ್ಟಕ್ಕೇ ನನ್ನನ್ನು ಮೇಲೆ ಕರೆದ್ರು.”

ಆಗ ಪರದೆ ಇರಲಿಲ್ಲ. ದಪ್ಪ ಅಕ್ಷರದಲ್ಲಿ ಬರೆದ ದೊಡ್ಡ ಹಾಳೆಗಳನ್ನು ಹೂವಿನ ಹಿಂದೆ ಮಂಡಿಯೂರಿ ತಿರುಗಿಸಬೇಕಿತ್ತು. ವಿದಾದ್ ತಂಡದೊಂದಿಗೆ ಮೊದಲ ಕಾರ್ಯಕ್ರಮ ಅಬುಧಾಬಿಯ ಖಾಲಿದಿಯಾದಲ್ಲಿ, ಒಂದು ಮದುವೆಯಲ್ಲಿ. ಅಲ್ಲೇ ಎಡವಟ್ಟಾಯಿತು. ವಿದಾದ್ ಒಂದು ಸಾಲು ಹಾಡಿ ಮುಗಿಸಿದರು, ರವೂಫ್ ಹಾಳೆ ತಿರುಗಿಸಿದರು. ಜನ ‘ಇನ್ನೊಮ್ಮೆ’ ಎಂದು ಕೂಗಿದರು. ವಿದಾದ್ ಅದೇ ಸಾಲಿಗಾಗಿ ಕೆಳಗೆ ನೋಡಿದರೆ ಅಲ್ಲಿ ಬೇರೆ ಸಾಲು. ಸ್ವರ ತಪ್ಪಿತು.

“ನಮ್ಮೂರ ಮಸೀದಿಯಲ್ಲಿ ಮೌಲೂದ್ ಓದುವಾಗ ಉಸ್ತಾದರಿಗೆ ಪುಟ ತಿರುಗಿಸ್ತಾ ಇದ್ದವ ನಾನು. ಅಲ್ಲಿ ಸಾಲು ಮುಗಿದ್ರೆ ಮುಂದಿನ ಸಾಲು, ಖಲಾಸ್. ಇಲ್ಲಿ ಹಾಗಲ್ಲ. ಜನಕ್ಕೆ ಖುಷಿಯಾದ್ರೆ ಒಂದೇ ಸಾಲು ಹತ್ತು ಸಲ. ಪ್ರತಿ ಸಲ ಬೇರೆ ರೀತಿ. ಅದು ನನಗೆ ಎಂತ ಗೊತ್ತು?”

ಕಾರ್ಯಕ್ರಮ ಮುಗಿದ ಮೇಲೆ ವಿದಾದ್ ಬೈದರು. ಕೆಲಸದಿಂದ ತೆಗೆಯಲಿಲ್ಲ. ‘ಹಾಳೆ ನೋಡಬೇಡ, ನನ್ನನ್ನು ನೋಡು’ ಎಂದರು. ಅಂದಿನಿಂದ ರವೂಫ್ ನೋಡುತ್ತಲೇ ಇದ್ದಾರೆ. ಅದೇ ಸಾಲನ್ನು ಮತ್ತೆ ಹಾಡುವುದಿದ್ದರೆ ವಿದಾದ್ ಪಿಟೀಲಿನವರ ಕಡೆ ತಿರುಗುತ್ತಾರೆ. ಮುಂದಕ್ಕೆ ಹೋಗುವುದಿದ್ದರೆ ಉಸಿರೆಳೆದು ಗದ್ದ ಎತ್ತುತ್ತಾರೆ. ಆ ಗದ್ದಕ್ಕೆ ಈ ಹೆಬ್ಬೆರಳು. ಲ್ಯಾಪ್‌ಟಾಪಿನಲ್ಲಿ ಮುನ್ನೂರ ನಲವತ್ತು ಹಾಡುಗಳಿವೆ. ಕಾರ್ಯಕ್ರಮದ ಎರಡೂಮುಕ್ಕಾಲು ಗಂಟೆ ರವೂಫ್ ನೀರು ಕುಡಿಯುವುದಿಲ್ಲ. ಮೂತ್ರಕ್ಕೆ ಏಳುವ ಹಾಗಿಲ್ಲವಲ್ಲ.

ಕಳೆದ ಫೆಬ್ರವರಿಯಲ್ಲಿ ಅಬುಧಾಬಿಯ ಕಡಲ ತೀರದಲ್ಲಿ ನಾಲ್ಕು ಸಾವಿರ ಜನರ ಕಾರ್ಯಕ್ರಮ. ವಿದಾದ್ ತಮ್ಮ ಮೊದಲ ಹಾಡನ್ನು ಇಪ್ಪತ್ತು ವರ್ಷಗಳ ಬಳಿಕ ಹಾಡುವುದಾಗಿ ಹೇಳಿದರು. ಜೊತೆಗೊಂದು ಷರತ್ತು: ಆ ಹಾಡಿಗೆ ಪರದೆ ಕಪ್ಪಾಗಿರಬೇಕು. ‘ನನ್ನ ಗಂಡ ಅಡುಗೆಮನೆಯಲ್ಲಿ ಕೂತು ಬರೆದದ್ದು. ಅದನ್ನು ನೋಡಿ ಹಾಡುವುದಿಲ್ಲ.’

ಒಂಬತ್ತು ಪ್ರಾಕ್ಟೀಸಿನಲ್ಲಿ ಮೂರು ಸಲ ಅವರು ಮರೆತಿದ್ದರು. ಮೂರು ಸಲವೂ ಒಂದೇ ಜಾಗದಲ್ಲಿ, ಮೂರನೇ ಚರಣದ ಆರಂಭದಲ್ಲಿ. ವೇದಿಕೆಯ ಮೇಲೆ ಮರೆತರೆ ನಾಲ್ಕು ಸಾವಿರ ಫೋನುಗಳು ಅದನ್ನು ಹಿಡಿಯುತ್ತವೆ. ಮುಂದಿನ ಕಾರ್ಯಕ್ರಮಗಳನ್ನು ಯಾರೂ ಕೊಡುವುದಿಲ್ಲ. ರವೂಫ್ ವೀಸಾ ಇರುವುದು ವಿದಾದ್ ಕಂಪನಿಯ ಮೇಲೆ, ಮೈಮೂನ ಮತ್ತು ಹಸೀನರ ವೀಸಾ ಇರುವುದು ರವೂಫ್ ಮೇಲೆ.

“ಹಾಕಿಬಿಡಿ ರವೂಫಾಕ, ಮಂದ ಮಾಡಿ ಹಾಕಿ. ಯಾರಿಗೆ ಗೊತ್ತಾಗ್ತದೆ?” ಎಂದದ್ದು ಸೌಂಡ್ ನೋಡಿಕೊಳ್ಳುವ ಮಂಗಳೂರಿನ ಡ್ಯಾರಲ್.

“ಅವರಿಗೆ ಗೊತ್ತಾಗ್ತದೆ.”

“ನಿಮ್ಮ ತತ್ವ ಕಟ್ಟಿಕೊಂಡು ಫರಂಗಿಪೇಟೆಗೆ ಹೋಗ್ಬೇಕಾದೀತು.”

“ಹೋಗುವ. ನೀನು ಏರ್‌ಪೋರ್ಟಿಗೆ ಬಿಡು.”

ರವೂಫ್ ಪರದೆ ಆರಿಸಿದರು. ಎರಡನೇ ಚರಣದ ಕೊನೆಯ ಸಾಲನ್ನು ವಿದಾದ್ ಹಾಡಿದರು. ಮತ್ತೆ ಹಾಡಿದರು. ಜನ ಎದ್ದು ನಿಂತರು. ಮೂರನೇ ಸಲ, ನಾಲ್ಕನೇ ಸಲ. ಹೆಡ್‌ಸೆಟ್ಟಿನಲ್ಲಿ ಡ್ಯಾರಲ್ ಕುಣಿಯುತ್ತಿದ್ದ: “ಜನಕ್ಕೆ ಹುಚ್ಚು ಹಿಡಿದಿದೆ ರವೂಫಾಕ, ಇವತ್ತು ಇವರನ್ನು ಹಿಡಿಯುವವರಿಲ್ಲ!”

ರವೂಫ್ ಮಾತ್ರ ಕುಣಿಯಲಿಲ್ಲ. ವಿದಾದ್ ಒಮ್ಮೆಯೂ ಪಿಟೀಲಿನ ಕಡೆ ತಿರುಗಿರಲಿಲ್ಲ. ಗದ್ದವೂ ಏಳುತ್ತಿರಲಿಲ್ಲ. ಕಣ್ಣು ಕಪ್ಪು ಪರದೆಯ ಮೇಲಿತ್ತು. ಮುಂದಿನ ಸಾಲು ಸಿಗುತ್ತಿಲ್ಲ ಎಂಬುದು ಆ ಕಡಲ ತೀರದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಐದನೇ ಸಲ ಸಾಲು ಮುಗಿಯುತ್ತಿದ್ದಂತೆ ರವೂಫ್ ಪರದೆಯ ಮೇಲೆ ಎರಡು ಶಬ್ದ ಇಟ್ಟರು. ಮೂರನೇ ಚರಣದ ಮೊದಲ ಎರಡು. ಗದ್ದ ಎದ್ದಿತು. ಪರದೆ ಮತ್ತೆ ಕಪ್ಪಾಯಿತು. ಉಳಿದ ಹಾಡನ್ನು ವಿದಾದ್ ಕಣ್ಣು ಮುಚ್ಚಿ ಹಾಡಿ ಮುಗಿಸಿದರು.

ಆಮೇಲೆ ವಿದಾದ್ ಅವರ ಮೇಕಪ್ ಕೋಣೆಯಿಂದ ಕರೆ ಬಂತು. “ವೀಸಾ ಮಾಫಿ, ಇನ್ನಿಲ್ಲ ಅಂತಲೇ ಗ್ರಹಿಸಿದೆ,” ರವೂಫ್ ಹೇಳುತ್ತಾರೆ. “ಮಾತು ಮೀರಿದ್ದು ಹೌದಲ್ಲ. ಕಪ್ಪು ಅಂದ್ರೆ ಕಪ್ಪು.”

ವಿದಾದ್ ಕನ್ನಡಿಯ ಮುಂದೆ ಕೂತು ಕಿವಿಯ ಓಲೆ ಬಿಚ್ಚುತ್ತಿದ್ದರು. ತಿರುಗಿ ನೋಡದೆ ಕೇಳಿದರು: “ಎಷ್ಟು ಶಬ್ದ ಹಾಕಿದೆ?”

“ಎರಡು, ಮದಾಮ್.”

“ಒಂದು ಸಾಕಿತ್ತು.”

ಅಷ್ಟೇ. ಬೈಗುಳವೂ ಇಲ್ಲ, ಕೃತಜ್ಞತೆಯ ಒಂದು ಶುಕ್ರನ್ ಕೂಡ ಇಲ್ಲ. ಕಳೆದ ತಿಂಗಳು ಒಂದು ಟೀವಿ ಸಂದರ್ಶನದಲ್ಲಿ ಆ ಐದು ಸಲದ ಸಾಲನ್ನು ನಿರೂಪಕಿ ಹೊಗಳಿದಾಗ ವಿದಾದ್ ತಾವೇ ಬಾಯಿಬಿಟ್ಟರು: ಅದು ಕಲೆಯಲ್ಲ, ಮರೆತಿದ್ದೆ, ನನ್ನವರೊಬ್ಬರು ನೆನಪಿಸಿದರು. ಅವರೇ ಹೇಳಿದ ಮೇಲೆ ರವೂಫ್ ಕೂಡ ಮಾತಾಡಲು ಒಪ್ಪಿದ್ದು. ಅಲ್ಲಿಯವರೆಗೆ ಮೈಮೂನರಿಗೂ ಹೇಳಿರಲಿಲ್ಲ.

“ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ರು,” ಮೈಮೂನ ದೂರುತ್ತಾರೆ. “ನಾನು ಆ ವಿಡಿಯೋ ನೋಡಿ ಅತ್ತಿದ್ದೇನೆ. ಪಕ್ಕದಲ್ಲೇ ಕೂತು ಸುಮ್ಮನೆ ಚಾ ಕುಡಿದ್ರು.”

ಮುಂದಿನ ಶುಕ್ರವಾರ ಮತ್ತೆ ಅಬುಧಾಬಿ. ಪಟ್ಟಿಯಲ್ಲಿ ಗಂಡನ ಹಾಡು ಇದೆ. ಪರದೆ ಕಪ್ಪಾಗಿರಬೇಕೆಂಬ ಷರತ್ತೂ ಇದೆ. ಈ ಸಲ ಏನು ಮಾಡುತ್ತೀರಿ ಎಂದರೆ ರವೂಫ್ ಆರಿದ ಚಾ ಒಂದೇ ಗುಟುಕಿಗೆ ಮುಗಿಸುತ್ತಾರೆ.

“ಒಂದೇ ಶಬ್ದ ರೆಡಿ ಮಾಡಿ ಇಟ್ಟಿದ್ದೇನೆ. ಅದೂ ಬೇಡ ಆದ್ರೆ ಒಳ್ಳೇದು.”