ಬೇಕಾದ ಮರಿ

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ನಮ್ಮ ಕೆಂಪಿ ಮರಿ ಹಾಕಿತ್ತು.

ಕೆಂಪಿ ಅಂದ್ರೆ ನಮ್ಮ ನಾಯಿ. ಕುರಿ ರೊಪ್ಪದ ಮೂಲೇಲಿ, ಹಳೇ ಗೋಣಿಚೀಲದ ಮೇಲೆ ಆರು ಮರಿ. ಆರೂ ಗಟ್ಟಿಯಾಗೇ ಹುಟ್ಟಿದ್ವು. ಇದನ್ನ ಒತ್ತಿ ಯಾಕೆ ಹೇಳ್ತೀನಿ ಅಂದ್ರೆ, ಆಮೇಲೆ ಒಂದು ಮರಿ ಬಗ್ಗೆ ಎಲ್ಲರೂ "ಅದು ಹುಟ್ಟಾ ಬಡವು" ಅಂತ ಶುರು ಮಾಡಿದ್ರು. ಹುಟ್ಟಾ ಅಲ್ಲ. ನಾನು ಕಣ್ಣಾರೆ ನೋಡಿದೀನಿ.

ನಾನು ನಾಯಿ ಮುದ್ದು ಮಾಡೋಳಲ್ಲ. ನಾಯಿಗೆ ಮುದ್ದೆ ಹಾಕ್ತೀನಿ, ಅದು ಕುರಿ ಕಾಯ್ತದೆ. ಅಲ್ಲಿಗೆ ಸರಿ ಹೋಯ್ತು. ಮರಿ ಹಾಕಿದ್ರೆ ಉಳಿಯೋದು ಉಳೀತದೆ, ಹೋಗೋದು ಹೋಯ್ತದೆ. (ಈ ಮಾತಿಗೆ ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸ್ತೀರಿ. ಸಿಂಡರಿಸ್ಕೊಳಿ.)

ಆದರೆ ಈ ಮರಿ ಸುಮ್ಮನೆ ಹೋಗೋ ಹಂಗಿರಲಿಲ್ಲ. ಅದಕ್ಕೊಬ್ಬಳು ಯಜಮಾನಿ ಇದ್ದಳು.

ನನ್ನ ವಾರಗಿತ್ತಿ ನಿಂಗಮ್ಮ. ನನ್ನ ಗಂಡನ ತಮ್ಮನ ಹೆಂಡತಿ, ಪಕ್ಕದ ಮನೆಯೋಳು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆಗಲೇ ಬಂದು ಬಾಲದ ತುದಿ ಬೆಳ್ಳಗಿದ್ದ ಹೆಣ್ಣು ಮರಿ ಎತ್ಕೊಂಡಳು.

"ಅಕ್ಕ, ಇದು ನಂದು ಕಣಕ್ಕ. ಯಾರಿಗಾದ್ರೂ ಕೊಟ್ಗಿಟ್ಟೀಯ."

"ನಿಂದೇ ಬುಡು. ಹೆಣ್ಣು ಮರಿನ ಯಾರು ಕೇಳ್ತಾರೆ?"

"ಅದಕ್ಕೇ ನಾನು ಕೇಳಿದ್ದು" ಅಂದಳು.

ನಿಂಗಮ್ಮ ಯಾರು ಅಂತ ನಮ್ಮ ಪುರವರದ ಕಡೆಯೋರಿಗೆ ಹೇಳಬೇಕಾಗಿಲ್ಲ. ಉಳಿದೋರಿಗೆ ಹೇಳ್ತೀನಿ. ಅವಳು ಕೂಸಿಗೆ ನೀರು ಹಾಕೋಳು. ಬಾಣಂತಿ ಇರೋ ಮನೆಗೆ ಬೆಳಿಗ್ಗೆ ಹೋಗಿ, ಕಾಲು ನೀಡಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಧೂಪದ ಹೊಗೆ ತೋರಿಸಿ, ಬಟ್ಟೇಲಿ ಬಿಗಿಯಾಗಿ ಸುತ್ತಿ ಮಲಗಿಸಿದ್ರೆ ಕೂಸು ಮಧ್ಯಾಹ್ನದವರೆಗೂ ಮಿಸುಕ್ತಿರಲಿಲ್ಲ. ಊರಲ್ಲಿ ಮೀಸೆ ತಿರುವೋ ಗಂಡಸರೆಲ್ಲ ಅವಳ ಕೈಲಿ ಮೂಗು ತಿದ್ದಿಸ್ಕೊಂಡೋರು. (ಕೆಲವರ ಮೂಗು ಸರಿ ಬಂದಿಲ್ಲ. ಅದು ಅವಳ ತಪ್ಪಲ್ಲ.)

ಈಗ ಹೆರಿಗೆ ಎಲ್ಲ ಆಸ್ಪತ್ರೇಲಿ. ಕಳಿಸೋವಾಗ ಹೇಳಿ ಕಳಿಸ್ತಾರೆ. ಹೊಗೆ ಹಾಕಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ, ಈಗಲೇ ನೀರು ಹಾಕಬೇಡಿ. ಹೇಳೋದು ಸರೀನೇ. ಹೊಗೆಗೆ ಕೆಮ್ಮಿ ಕೆಮ್ಮಿ ನೀಲಿಯಾದ ಕೂಸು ನಾನೂ ನೋಡಿದೀನಿ. ಆದರೆ ನಿಂಗಮ್ಮನ್ನ ಕರೆಯೋರು ಕಡಿಮೆಯಾದ್ರು. ಆ ವರ್ಷ ಒಬ್ಬರೂ ಕರೆದಿರಲಿಲ್ಲ. ಆದರೂ ಅವಳು ಬೆಳಗಾದ್ರೆ ಸೀರೆ ಎತ್ತಿಕಟ್ಟಿ ಬಾಗಿಲಲ್ಲಿ ನಿಂತ್ಕೊಳ್ಳೋಳು, ಇನ್ನೇನು ಯಾರೋ ಬಂದು ಕರೀತಾರೆ ಅನ್ನೋ ಹಂಗೆ.

ಅಂಥಾ ಕೈಗೆ ಒಂದು ಮರಿ ಸಿಕ್ತು. ಬಿಡ್ತಾಳಾ?

ದಿನಾ ಬೆಳಿಗ್ಗೆ ಬಂದು ಸೆರಗಲ್ಲಿ ಸುತ್ಕೊಂಡು ಹೋಗೋಳು. ಕೂಸಿಗೆ ಏನೇನು ಮಾಡ್ತಾರೋ ಎಲ್ಲ ಆಯ್ತು. ಹರಳೆಣ್ಣೆ, ಕಡ್ಲೆಹಿಟ್ಟು, ಬಿಸಿನೀರು, ಧೂಪ. ಬಿಸಿಲು ಏರಿದ ಮೇಲೆ ತಂದು ಕೆಂಪಿ ಹತ್ರ ಬಿಡೋಳು. ಮರಿ ಮೈಯೆಲ್ಲ ಘಮ ಘಮ. ನಾಯಿಮರಿ ಅಂತ ಹೇಳೋ ಹಂಗೇ ಇರಲಿಲ್ಲ.

ನಾನು ನಕ್ಕೆ. "ತೊಟ್ಟಿಲು ಶಾಸ್ತ್ರ ಯಾವಾಗಲೇ?" ಅಂದೆ.

"ನಗು ನಗು. ಇದು ಎಂಗೆ ಬೆಳೀತದೆ ನೋಡ್ತಿರು" ಅಂದಳು.

ಬೆಳೀಲಿಲ್ಲ. ಉಳಿದ ಐದರ ಹೊಟ್ಟೆ ತಂಬಿಗೆ ಥರ ಉಬ್ಬಿದ್ವು. ಇದು ಒಣಗಿದ ಹುಣಸೆಕಾಯಿ ಥರ ಬೆನ್ನು ಬಾಗಿಸ್ಕೊಂಡು ಬಿದ್ದಿರೋದು. ಮೊದಲು ಕುಂಯ್ಗುಡೋದು. ಆಮೇಲೆ ಅದೂ ನಿಂತುಹೋಯ್ತು.

ಸರಿ, ಕಣ್ಣಳತೆ ಬೇಡ ಅಂತ ಸೊಸೆ ಮಂಜುಳನ ತಕ್ಕಡಿ ತಂದೆ. ಅವಳು ಕನಕಾಂಬರ ಬಿಡಿಸಿ ಮಧುಗಿರಿ ಮಾರ್ಕೆಟ್ಟಿಗೆ ಹಾಕ್ತಾಳೆ. ಅಂಗೈಯಗಲದ ಕರೆಂಟು ತಕ್ಕಡಿ, ಹೂವಿನಷ್ಟು ಹಗುರದ್ದನ್ನೂ ತೋರಿಸ್ತದೆ.

ಮಂಜುಳ ಕೂಗಾಡಿದಳು. "ಅತ್ತೆ! ದೇವರಿಗೆ ಹೋಗೋ ಹೂವಿನ ತಕ್ಕಡೀಲಿ ನಾಯಿಮರಿನಾ?"

"ತೊಳ್ಕೊ. ದೇವರೇನು ತಕ್ಕಡಿ ಮೂಸ್ತಾನಾ?"

ನಿಂಗಮ್ಮ ಅವಳಿಗಿಂತ ಜೋರಾಗಿ ಕೂಗಿದಳು. ಎಳೇದನ್ನ ತೂಗಬಾರದಂತೆ, ಅಳೀಬಾರದಂತೆ. ದೃಷ್ಟಿ ಆಗ್ತದಂತೆ. ನಮ್ಮಲ್ಲಿ ಹಂಗೇ ಹೇಳ್ತಾರೆ, ನಿಜ. ಆದರೆ ನಾನು ಕುರಿ ಸಾಕಿದೋಳು. ಸಂತೇಲಿ ಕುರಿ ತೂಗಿದ್ರೆ ದೃಷ್ಟಿ ಆಗಲ್ಲ, ಮನೇಲಿ ಮರಿ ತೂಗಿದ್ರೆ ಆಗ್ತದಾ? ತೂಗಿದೆ. ಮಾರನೇ ದಿನ ತೂಗಿದೆ, ಅಷ್ಟೇ ಇತ್ತು. ಅದರ ಮಾರನೇ ದಿನ ಇನ್ನೂ ಇಳಿದಿತ್ತು.

"ನೋಡ್ದಾ? ತೂಗಿದ್ದಕ್ಕೇ!" ಅಂದಳು ನಿಂಗಮ್ಮ.

ಅಲ್ಲಿಂದ ಅವಳ ಉಪಚಾರ ಎರಡರಷ್ಟಾಯ್ತು. ಬೆಳಿಗ್ಗೆ ನೀರು, ಸಾಯಂಕಾಲ ನೀರು. ಬಜೆ ತೇದು ಹೊಟ್ಟೆಗೆ ಬಳಿದಳು. ಇಂಗು ಹೊಕ್ಕುಳಿಗೆ ಇಟ್ಟಳು. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಕೂಸಿಗೆ ಹಾಲು ಕುಡಿಸೋ ಒಳಲೆ ಇರ್ತದಲ್ಲ, ಮೂತಿ ಇರೋ ಪುಟ್ಟ ಬಟ್ಟಲು, ಅದರಲ್ಲಿ ಹಸುವಿನ ಹಾಲು ತುಂಬಿ ಮರಿನ ಅಂಗಾತ ಮಲಗಿಸಿ ಹುಯ್ದಳು. ಅದರ ಮೂಗಲ್ಲೆಲ್ಲ ಹಾಲು.

ಕೆಂಪಿ ಏನು ಮಾಡ್ತಿತ್ತು ಅಂತ ಕೇಳ್ತೀರಾ? ಮರಿ ತಂದು ಹತ್ರ ಬಿಟ್ರೆ ಒಂದು ಸಲ ಮೂಸೋದು. ಮುಖ ತಿರುಗಿಸೋದು. ಎದ್ದು ಹೋಗಿ ಆ ಕಡೆ ಮಲಗೋದು. ಐದು ಮರಿ ಹಿಂದೇನೇ ತೆವಳ್ಕೊಂಡು ಹೋಗೋವು. ಇದು ಅಲ್ಲೇ ಬಿದ್ದಿರೋದು.

"ಬಡವಾದ್ರೆ ಹೆತ್ತೋಳೂ ಕೈ ಬಿಡ್ತಾಳೆ ಅಕ್ಕ" ಅಂದಳು ನಿಂಗಮ್ಮ. ನಾನೂ ಹೌದು ಅಂದೆ. ಕುರಿಗಳಲ್ಲೂ ಹಂಗೇ ನೋಡಿದ್ದೆ.

ಒಂದು ದಿನ ಕೈಲಿ ಇಟ್ಕೊಂಡು ನೋಡ್ತೀನಿ, ಮರಿ ತಣ್ಣಗಿದೆ. ಬಾಯಿಗೆ ಬೆರಳಿಟ್ರೆ ಬಾಯೂ ತಣ್ಣಗೆ. ಚೀಪೋಕೂ ತ್ರಾಣ ಇಲ್ಲ. ಇವತ್ತೋ ನಾಳೆಯೋ ಅಂತ ನನಗೆ ಗೊತ್ತಾಯ್ತು. ನಿಂಗಮ್ಮನಿಗೂ ಗೊತ್ತಾಯ್ತು. ಅವಳು ಕಂಬಕ್ಕೆ ಒರಗಿ ಕೂತುಬಿಟ್ಟಳು.

"ಇದು ಹೋದ್ರೆ ಇನ್ನು ನಾನು ಯಾರ ಕೂಸನ್ನೂ ಮುಟ್ಟಲ್ಲ ಅಕ್ಕ. ನಿಂಗಮ್ಮನ ಕೈಗುಣ ಹೋಯ್ತು ಅಂತ ಊರವರು ಹಿಂದೆ ಆಡ್ಕೊಳ್ಳೋದು ದಿಟ ಆಯ್ತದೆ."

"ಏಳು. ಪುರವರದ ಪಶು ಆಸ್ಪತ್ರೆಗೆ ಹೋಗಣ" ಅಂದೆ.

ಆಟೋದಲ್ಲಿ ಅವಳು ಮರಿನ ಎದೆಗವಚಿ ಸೆರಗು ಮುಚ್ಚಿ ಕೂತಳು. ಪಕ್ಕದಲ್ಲಿ ಕೊರಟಗೆರೆ ಕಡೆಯ ಹೆಂಗಸೊಬ್ಬಳು. ಧೂಪದ ವಾಸನೆ ಅವಳ ಮೂಗಿಗೆ ಬಡಿದಿರಬೇಕು.

"ಬಾಣಂತಿ ಎಲ್ಲವ್ಳಮ್ಮ?"

"ರೊಪ್ಪದಲ್ಲಿ" ಅಂದೆ ನಾನು.

ಆಯಮ್ಮ ನನ್ನನ್ನ ಒಂಥರಾ ನೋಡಿದಳು. "ಅಯ್ಯೋ ಪಾಪ. ಗಂಡು ಕೂಸೋ ಹೆಣ್ಣು ಕೂಸೋ?"

"ಹೆಣ್ಣು" ಅಂದಳು ನಿಂಗಮ್ಮ.

"ಇರ್ಲಿ ಬುಡಮ್ಮ, ಲಕ್ಷ್ಮಿ" ಅಂತ ಸೆರಗು ಸರಿಸಿ ಇಣುಕಿದಳು. ಪುರವರ ಬರೋವರೆಗೂ ಸೀಟಿನ ಆ ತುದೀಗೆ ಸರಿದು ಕೂತಿದ್ದಳು.

ಆಸ್ಪತ್ರೇಲಿ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನೋಳು. ಮರಿನ ಬಾಯಿ ತೆಗೆದು ಅಂಗುಳ ನೋಡಿದಳು, ಹೊಟ್ಟೆ ಒತ್ತಿದಳು. ಆಮೇಲೆ ಎತ್ತಿ ಮೂಸಿದಳು.

"ಏನಜ್ಜಿ, ಬಾಣಂತಿ ಕೋಣೆ ವಾಸನೆ ಬರ್ತಿದೆ ಇದರಲ್ಲಿ? ಸ್ನಾನ ಮಾಡಿಸ್ತೀರಾ?"

ನಿಂಗಮ್ಮ ಎಲ್ಲ ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು, ಪಾಪ. ಎಣ್ಣೆ ಇಂಥದ್ದು, ನೀರು ಇಷ್ಟು ಬಿಸಿ, ಬಜೆ ಇಷ್ಟು. ಡಾಕ್ಟ್ರಮ್ಮ ಪೂರ್ತಿ ಕೇಳಿಸ್ಕೊಂಡಳು. ಬಯ್ಯಲಿಲ್ಲ. ಇಷ್ಟು ಎಳೇ ಮರಿಗೆ ಮೈ ಕಾವು ತಾನೇ ಇಟ್ಕೊಳ್ಳೋಕೆ ಬರಲ್ಲ ಅಂದಳು. ನೀರು ಬಿಸಿ ಇದ್ರೂ ಆಮೇಲೆ ಮೈ ತಣ್ಣಗಾಗ್ತದೆ. ಮೈ ತಣ್ಣಗಾದ್ರೆ ಕುಡಿದ ಹಾಲು ಅರಗಲ್ಲ. ಅಂಗಾತ ಮಲಗಿಸಿ ಹಾಲು ಹುಯ್ದ್ರೆ ಎದೆಗೆ ಹೋಗ್ತದೆ. ಕೊನೆಗೆ ಹೇಳಿದಳು, "ನಾಯಿ ಮಕ್ಕಳನ್ನ ಗುರುತು ಹಿಡಿಯೋದು ಮೂಗಲ್ಲಿ ಅಜ್ಜಿ. ನೀವು ಅದರ ವಾಸನೇನೇ ತೊಳೆದುಬಿಟ್ಟಿದೀರ. ಇದು ತನ್ನದು ಅಂತ ಅದಕ್ಕೆ ಹೆಂಗೆ ಗೊತ್ತಾಗಬೇಕು?"

ನನ್ನ ತಲೆಗೆ ಯಾರೋ ಮೊಟಕಿದ ಹಂಗಾಯ್ತು. ಕುರಿ ಮರಿನ ಒಲ್ಲೆ ಅಂದಾಗ ನಾವು ಏನು ಮಾಡ್ತೀವಿ? ಅದರ ಹಾಲನ್ನೇ ಹಿಂಡಿ ಮರಿ ಬೆನ್ನಿಗೆ ಸವರ್ತೀವಿ. ಮೂಸಿ, ನೆಕ್ಕಿ, ಒಳಗೆ ಕರ್ಕೊಳ್ತದೆ. ಡಾಕ್ಟ್ರಮ್ಮಂಗೆ ಹೇಳಿದೆ. "ಅದನ್ನೇ ಮಾಡಿ. ಮೊದಲು ಮರಿನ ಬೆಚ್ಚಗೆ ಮಾಡಿ. ದಿನಾ ತೂಕ ನೋಡಿ. ಆಮೇಲೆ ಸುಮ್ಮನಿರಿ" ಅಂದಳು.

ಸುಮ್ಮನಿರೋದು! ಅದಕ್ಕಿಂತ ಕಷ್ಟದ ಮದ್ದು ಬರ್ಕೊಟ್ಟೋರು ಯಾರಿದಾರೆ?

ವಾಪಸ್ಸು ಬಂದು ಅರಳಿಕಟ್ಟೆ ಹತ್ರ ಇಳಿದ್ವಿ. ಜನ ಕೂತಿದ್ರು. ನಿಂಗಮ್ಮ ಕೇಳಿದಳು, "ನನ್ನ ಕೈ ಕೆಟ್ಟದ್ದಾಯ್ತಾ ಅಕ್ಕ?"

"ಕೈ ಕೆಟ್ಟದ್ದಲ್ಲ. ಆದ್ರೆ ಇದನ್ನ ಸಾಯಿಸ್ತಿರೋದು ಆ ಕೈಯೇ. ಇತ್ತ ಕೊಡು. ಇನ್ನು ಮುಟ್ಟಬೇಡ."

ಎಲ್ಲರ ಮುಂದೆ ಅಂದೆ. ಈಗ್ಲೂ ಅದು ತಪ್ಪು ಅನ್ನಲ್ಲ. ಮರಿ ಸಾಯ್ತಿತ್ತು. ಮಾತು ಮೆತ್ತಗೆ ಮಾಡ್ಕೊಂಡು ಕೂತ್ರೆ ಅಷ್ಟರಲ್ಲಿ ಇನ್ನೊಂದು ಸಲ ನೀರು ಬಿದ್ದಿರೋದು. ಅವಳು ಮರಿನ ನನ್ನ ಕೈಗಿಟ್ಟು, ಸೆರಗು ಕೊಡವಿ, ಮನೆಗೆ ಹೋದಳು.

ನಾನು ಬಾಟ್ಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮರಿ ಪಕ್ಕ ಇಟ್ಟೆ. ಮೈ ಬೆಚ್ಚಗಾಯ್ತು. ಬಜೆ ಇಂಗು ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿ, ಕೆಂಪಿ ಮಲಗೋ ಗೋಣಿಚೀಲದಲ್ಲೇ ಮೈ ತಿಕ್ಕಿದೆ. ಕೆಂಪಿ ಮೊಲೆ ಹಿಂಡಿ ನಾಲ್ಕು ಹನಿ ಹಾಲು ಬೆನ್ನಿಗೂ ಬಾಲದ ಬುಡಕ್ಕೂ ಸವರಿ ಮುಂದೆ ಇಟ್ಟೆ.

ಕೆಂಪಿ ಮೂಸಿತು. ಮುಖ ತಿರುಗಿಸ್ತು. ಹೋಯ್ತು ಕಥೆ ಅಂದ್ಕೊಂಡೆ. ಮತ್ತೆ ಮೂಸಿತು. ನೆಕ್ಕೋಕೆ ಶುರು ಮಾಡ್ತು. ನೆಕ್ಕೀ ನೆಕ್ಕೀ ಮರಿನ ಮಗುಚಿ ಹಾಕ್ತು. ನಾನು ಮರಿ ಬಾಯನ್ನ ಮೊಲೆಗೆ ಹಚ್ಚಿದೆ. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಅದರ ಬಿಳಿ ಬಾಲದ ತುದಿ ಅಲ್ಲಾಡ್ತು. ಕುಡೀತಿತ್ತು.

ಉಳೀತು. ಈಗ ನಿಂಗಮ್ಮನ ಮನೆ ಬಾಗಿಲಲ್ಲೇ ಇದೆ. ನಾನು ಹೋದ್ರೂ ಬೊಗಳ್ತದೆ, ನೆನಪು ಗಿನಪು ಏನೂ ಇಲ್ಲ ಅದಕ್ಕೆ.

ನಾನು ಯೋಚನೆ ಮಾಡೋದು ಬೇರೆ. ಯಾರಿಗೂ ಬೇಡವಾಗಿದ್ದ ಐದು ಮರಿ ದಪ್ಪಗಾದ್ವು. ಬೇಕು ಅಂತ ಎತ್ಕೊಂಡ ಒಂದು ಸೊರಗ್ತು. ಮೊನ್ನೆ ಕೊರಟಗೆರೆಗೆ ಮಗಳ ಮನೆಗೆ ಹೋಗಿದ್ದೆ. ಅವಳ ಮೊಮ್ಮಗು ತೂಕ ಹತ್ತಿಲ್ಲವಂತೆ. ಒಬ್ಬಳು ಮೊಬೈಲ್ ತೋರಿಸ್ತಾಳೆ, ಇನ್ನೊಬ್ಬಳು ಬಾಯಿಗೆ ತುರುಕ್ತಾಳೆ, ಮತ್ತೊಬ್ಬಳು ವಾಟ್ಸಾಪಲ್ಲಿ ಬಂದ ಪುಡಿ ಕಲಸ್ತಾಳೆ. ಹೆತ್ತೋಳು ಮೂಲೇಲಿ ನಿಂತವ್ಳೆ, ಅವಳ ಕೈಗೆ ಮಗು ಕೊಟ್ಟೋರೇ ಇಲ್ಲ. "ಎಲ್ಲರೂ ಆಚೆ ಹೋಗ್ರಲೇ" ಅಂದೆ. ಯಾರೂ ಹೋಗಲಿಲ್ಲ. (ನನ್ನ ಮಾತು ನಾಯಿ ಕೇಳ್ತದೆ, ನೆಂಟರು ಕೇಳಲ್ಲ.)

ಆಚೆ ಹೋಗಿ ಅನ್ನೋದು ಸುಲಭ. ಹೋದೋರು ಎಲ್ಲಿ ಹೋಗ್ತಾರೆ, ಏನು ಮಾಡ್ತಾರೆ? ಅದನ್ನ ನಾವು ಕೇಳೋದಿಲ್ಲ. ಆ ಸಾಯಂಕಾಲ ಮರಿ ಕುಡೀತು ಅಂತ ಹೇಳೋಕೆ ಮಂಜುಳನ್ನ ಪಕ್ಕದ ಮನೆಗೆ ಕಳಿಸಿದ್ದೆ. ಬಂದು ಹೇಳಿದಳು, "ಚಿಕ್ಕತ್ತೆ 'ಸಂತೋಷ' ಅಂದ್ರು ಅತ್ತೆ. ಎರಡೂ ಕೈ ಮಡಿಲಲ್ಲಿ ಇಟ್ಕೊಂಡು ಗೋಡೆ ನೋಡ್ತಾ ಕೂತವ್ರೆ. ಊಟ ಬೇಡವಂತೆ."

ಸಮಾಧಾನ ಹೇಳೋದು ನನಗೆ ಬರಲ್ಲ. ಬಂದಿದ್ರೂ ನಿಂಗಮ್ಮ ಕೇಳ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಮರಿನ ತಕ್ಕಡಿಗೆ ಹಾಕಿದೆ. ಸ್ವಲ್ಪ ಏರಿತ್ತು. ಹರಳೆಣ್ಣೆ ಬಟ್ಟಲು ಹಿಡ್ಕೊಂಡು ಪಕ್ಕದ ಮನೆಗೆ ಹೋದೆ. ಹಂಡೆಗೆ ನಾನೇ ಉರಿ ಹಾಕಿ, ಬಚ್ಚಲ ಕಲ್ಲಿನ ಮೇಲೆ ಅವಳಿಗೆ ಬೆನ್ನು ಕೊಟ್ಟು ಕೂತು ಹೇಳಿದೆ:

"ನೀರು ಹಾಕು ಬಾರೆ. ನಾನೇನು ನಾಯಿಮರಿ ಅಲ್ಲ, ನೀನು ಎಷ್ಟು ತಿಕ್ಕಿದ್ರೂ ಸಾಯಲ್ಲ."