ಕಲಗಚ್ಚಿಗೆ ಸುರಿದ ಗಂಜಿ

ಅವತ್ತು ಆಸ್ಪತ್ರೆಯಲ್ಲಿ ನಾನು ಡಾಕ್ಟರಿಗೆ ಸುಳ್ಳು ಹೇಳಿದೆ, ಪುಟ್ಟಲಕ್ಷ್ಮಿ. ನಿನ್ನೆದುರಿಗೇ ಹೇಳಿದೆ. ನೀನು ಉಸಿರಾಡಲಾರದೆ ಗೋಡೆಗೆ ಒರಗಿದ್ದೆ, ಕೇಳಿಸಿತೋ ಇಲ್ಲವೋ — ಕೇಳಿಸಿದ್ದರೂ ಅತ್ತೆಯ ಮಾತಿಗೆ ಅಡ್ಡ ಹೇಳುವವಳಲ್ಲ ನೀನು.

ನಿನಗೆ ತಾಯಿ ಇಲ್ಲ ಅಂತ ಚೊಚ್ಚಲ ಬಾಣಂತನ ನಾನೇ ಹೊತ್ತುಕೊಂಡೆ. ಮನೆಮಂದಿಯೆಲ್ಲ ಮುದ್ದೆ ಉಂಡರೂ ಬಾಣಂತಿಗೆ ಬಿಳಿ ಅನ್ನ ಹಾಕುವುದು ನಮ್ಮಲ್ಲಿ ಮರ್ಯಾದೆ. ಕೊರಟಗೆರೆ ಮಿಲ್ಲಿನಲ್ಲಿ ಹೊಳಪು ಬರುವ ಹಾಗೆ ಹಾಕಿಸಿದ ಅಕ್ಕಿ ತರಿಸಿದೆ. ನೀರು ತಿಳಿಯಾಗುವವರೆಗೂ ತೊಳೆದೆ. ಅನ್ನ ಬೆಂದ ಮೇಲೆ ಗಂಜಿ ಬಸಿದು ಹಸುವಿನ ಕಲಗಚ್ಚಿಗೆ ಸುರಿದೆ. ನಿನಗೆ ಆ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ರಾಗಿ ತಂಪು, ಕಾಳು ವಾಯು, ಸೊಪ್ಪು ನಂಜು — ಒಂದನ್ನೂ ಮುಟ್ಟಗೊಡಲಿಲ್ಲ. ಓಣಿಯವರು ಬಂದು ಹೊಗಳಿದರು. ನಾನು ಹಿಗ್ಗಿದೆ.

ಆಮೇಲೆ ನಿನ್ನ ಕಾಲು ಊದಿತು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. "ಎದೆಯೊಳಗೆ ಯಾರೋ ಒನಕೇಲಿ ಕುಟ್ಟಂಗಾಯ್ತದೆ ಅತ್ತೆ" ಅಂದೆ. ಕೆಲಸ ತಪ್ಪಿಸಿಕೊಳ್ಳುವ ಆಟ ಅಂದುಕೊಂಡೆ ನಾನು. ನನ್ನ ಮಗನೇ ಹೆದರಿ ಮಧುಗಿರಿ ಬಸ್ಸು ಹತ್ತಿಸಿದ. ಮಗುವನ್ನು ನನ್ನ ಓರಗಿತ್ತಿಗೆ ಒಪ್ಪಿಸಿ ಹೋದೆವು, ಅದು ಹಸುವಿನ ಹಾಲು ಕುಡಿದು ಬೆಳೆಯಿತು. ಗಂಜಿ ಕುಡಿದ ಅದೇ ಹಸು.

ಆಸ್ಪತ್ರೆಯಲ್ಲಿ ನಮ್ಮ ಮುಂದೆ ಹುಲಿಕುಂಟೆ ಕಡೆಯ ಮುದುಕಿಯೊಬ್ಬಳು ಸೊಸೆಯನ್ನು ಕರೆತಂದಿದ್ದಳು. ಪಥ್ಯದ ಹೆಸರಲ್ಲಿ ಉಪವಾಸ ಕೆಡವಿದ್ದೀಯ ಅಂತ ಡಾಕ್ಟರು ಎಲ್ಲರೆದುರಿಗೆ ಅವಳಿಗೆ ಉಗಿದರು. ನಮ್ಮ ಸರದಿ ಬಂತು. ಏನು ತಿನ್ನಿಸುತ್ತೀರಿ ಅಂತ ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟೇ — "ಮುದ್ದೆ, ಹುಳ್ಳಿಕಾಳು, ಸೊಪ್ಪು, ಎಲ್ಲಾ ಇಕ್ತೀವಿ ಸ್ವಾಮಿ. ಏನೂ ಕಮ್ಮಿ ಮಾಡಿಲ್ಲ."

ಹಾಗಾದರೆ ಹುಟ್ಟಿನಿಂದಲೇ ಎದೆ ನಿತ್ರಾಣ ಇರಬೇಕು, ಇನ್ನೊಂದು ಹೆರಿಗೆ ಬೇಡ, ಭಾರ ಎತ್ತಬೇಡ ಅಂದರು. ಊರಿಗೆ ಬಂದ ಮೇಲೆ ಬಾಣಂತನ ಮುಗಿಯಿತು, ನೀನೂ ಮುದ್ದೆಗೆ ಕೂತೆ, ಊತ ಇಳಿಯಿತು. ಔಷಧಿ ಹಿಡಿಯಿತು ಅಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೋ, ಅಥವಾ...

ನೀನು ಮಾತ್ರ ಎದೆ ಮೇಲೆ ಕೈಯಿಟ್ಟುಕೊಂಡೇ ಮಲಗುವವಳಾದೆ. ಹೆತ್ತ ಮಗಳನ್ನು ಎತ್ತಿಕೊಳ್ಳಲು ಅಂಜಿದೆ. ಓರಗೆಯವರು ಚನ್ನರಾಯನದುರ್ಗದ ಬೆಟ್ಟ ಹತ್ತಿದರೆ ನೀನು ಬುಡದಲ್ಲಿ ಅವರ ಚಪ್ಪಲಿ ಕಾದೆ. ಜೋರಾಗಿ ನಗುವುದನ್ನೂ ಬಿಟ್ಟೆ. ಎಲ್ಲವನ್ನೂ ನಾನು ನೋಡುತ್ತಿದ್ದೆ.

ಹೋದ ವರ್ಷ ನೀರು ನಿಂತು ಮತ್ತೆ ಬಸಿರಾದಾಗ ನೀನು ಸಾಯುತ್ತೇನೆ ಅಂತಲೇ ಗೋಳಾಡಿದೆ. ಮಧುಗಿರಿಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಎದೆ ಪರೀಕ್ಷೆ ಮಾಡಿ, ನನ್ನೊಬ್ಬಳನ್ನೇ ಬದಿಗೆ ಕರೆದು, ಇದರಲ್ಲಿ ದೋಷವೇ ಕಾಣದಲ್ಲ ಅಂದರು. ನಿನ್ನನ್ನು ಬೆಂಚಿನ ಮೇಲೆ ಕೂರಿಸಿ, ಚೀಲ ಮರೆತೆ ಅಂತ ಒಳಗೆ ಹೋದೆನಲ್ಲ — ಚೀಲ ನನ್ನ ಕಂಕುಳಲ್ಲೇ ಇತ್ತು. ಅವರಿಗೆ ಎಲ್ಲ ಹೇಳಿದೆ, ನಿನಗೆ ನಾನೇ ತಿಳಿಸುತ್ತೇನೆ ಅಂತ ಬೇಡಿಕೊಂಡೆ. ಅವರು ಬಯ್ಯಲಿಲ್ಲ. "ಎದೆಗೆ ಬೇಕಾದ ಸತ್ವಾನೆಲ್ಲ ತೊಳೆದು, ಬಸಿದು, ಹಸುಗೆ ಕುಡಿಸಿದ್ದೀರ ಕಣಮ್ಮ, ಊತ ಬಂದಿದ್ದು ಅದಕ್ಕೇ" ಅಂದರು.

ಈ ಸಲ ಮುದ್ದೆ, ಕಾಳು, ಸೊಪ್ಪು ಬಿಡದೆ ಇಕ್ಕಿದೆ. ಮೊನ್ನೆ ಗಂಡು ಮಗು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಪುಟ್ಟಲಕ್ಷ್ಮಿ. ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರ ಕೈಗೂ ಸಕ್ಕರೆ ಹಾಕಿ ಬಂದೆ. ಕಂಡಕ್ಟರು, "ಏನಜ್ಜಿ, ನೀನೇ ಹೆತ್ತಂಗೆ ಆಡ್ತೀಯಲ್ಲ" ಅಂದ.

ಆದರೆ ನಿನ್ನೆ ನೀನು ತುತ್ತು ಕೈಯಲ್ಲಿ ಹಿಡಿದು ಕೇಳಿದೆ — "ನನ್ನೆದೆ ಇಷ್ಟು ದಿನ ತಡೆದದ್ದು ಹೆಂಗೆ ಅತ್ತೆ?" ದೇವರ ದಯೆ ಅಂದುಬಿಟ್ಟೆ. ಮತ್ತೆ ಸುಳ್ಳು.

ಅದಕ್ಕೇ ಈ ಕಾಗದ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದು. ನೀನು ಓದಿ ಮುಗಿಸುವವರೆಗೆ ಮಗು ನನ್ನ ಮಡಿಲಲ್ಲಿರುತ್ತದೆ. ಆಮೇಲೆ ಈಸಿಕೊ. ಮತ್ತೆ ನನ್ನ ಕೈಗೆ ಕೊಡುವುದು, ಬಿಡುವುದು ನಿನಗೆ ಬಿಟ್ಟದ್ದು. ನಾನು ಕೇಳುವುದಿಲ್ಲ.