ಮುದ್ದೆ ಯಂತ್ರದ ಅರ್ಜಿಗೆ ಲಗತ್ತಿಸಿದ ಸುದ್ದಿ

೨೦೧೯ರ ಅಕ್ಟೋಬರ್ ೯, ಬುಧವಾರ, ನಾನು ಹೊಸದುರ್ಗದಿಂದ ಕಳುಹಿಸಿದ್ದ ಸುದ್ದಿಯೊಂದು ನಮ್ಮ ಪತ್ರಿಕೆಯ ಚಿತ್ರದುರ್ಗ ಜಿಲ್ಲಾ ಪುಟದಲ್ಲಿ ಮೂರು ಕಾಲಂಗಳಲ್ಲಿ ಪ್ರಕಟವಾಯಿತು. ಮುದ್ದೆ ತೊಳಸುವ ಕೈಯಂತ್ರವೊಂದರ ಸುದ್ದಿ, ಜೊತೆಗೆ ಒಂದು ಫೋಟೊ. ಯಂತ್ರವನ್ನು ನಾನು ನೋಡಿದ್ದು ಸೋಮವಾರ, ಆಯುಧಪೂಜೆಯ ದಿನ. ಅಂದು ನಮ್ಮ ಮುದ್ರಣ ಯಂತ್ರಕ್ಕೂ ಪೂಜೆ ಇದ್ದುದರಿಂದ ಮಂಗಳವಾರ ಪತ್ರಿಕೆ ಇರಲಿಲ್ಲ. ಇದ್ದಿದ್ದರೆ ಸುದ್ದಿ ಒಂದು ದಿನ ಮೊದಲೇ ಬರುತ್ತಿತ್ತು.

ನಾನಾಗ ತಾಲ್ಲೂಕು ವರದಿಗಾರ. ಯಂತ್ರ ಇದ್ದದ್ದು ಹೊಳಲ್ಕೆರೆ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಅಂಗಡಿಯವರು ಗೇಟು, ಕಿಟಕಿ ಗ್ರಿಲ್ಲು, ತೆಂಗಿನಕಾಯಿ ಸುಲಿಯುವ ಕಬ್ಬಿಣದ ಗೂಟ ಮಾಡಿಕೊಡುತ್ತಿದ್ದರು. ಹೊಸ ಉಪಕರಣ ಯಾವುದನ್ನೇ ಮಾಡಲಿ, ಆಯುಧಪೂಜೆಗೆ ಮೊದಲು ಅದನ್ನು ಕೆಲಸಕ್ಕೆ ಹಚ್ಚುವುದಿಲ್ಲ ಎಂಬುದು ಅವರ ಮನೆಯ ಪದ್ಧತಿ. ಯಂತ್ರ ಗೌರಿ ಹಬ್ಬದ ಹೊತ್ತಿಗೇ ಮುಗಿದಿತ್ತು, ಆದರೆ ಹೊರಗೆ ಬಂದದ್ದು ಆ ಸೋಮವಾರ. ಗ್ರೈಂಡರ್, ಡ್ರಿಲ್ಲು, ಗ್ಯಾಸ್ ಕಟರ್‌ಗಳ ನಡುವೆ ಅದನ್ನು ಅಂಗಡಿಯ ಮುಂದೆ, ರಸ್ತೆಯ ಅಂಚಿಗೇ ಇಟ್ಟು ಕುಂಕುಮ, ಚೆಂಡುಹೂವು ಏರಿಸಿದ್ದರು. ದಾರಿಯಲ್ಲಿ ಹೋಗುವವರು ನಿಂತು, ಹಿಡಿಕೆ ಒಮ್ಮೆ ತಿರುಗಿಸಿ, ಮಂಡಕ್ಕಿ ಇಸಿದುಕೊಂಡು ಹೋಗುತ್ತಿದ್ದರು.

ಕಬ್ಬಿಣದ ಕೆಲಸ ಅಂಗಡಿಯವರದು. ಯೋಚನೆ ಅವರ ಅಕ್ಕನದು. ಆಕೆ ಹೊಳಲ್ಕೆರೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆಯವರು. ದಿನವೂ ದೊಡ್ಡ ಕೊಳಗದಲ್ಲಿ ಮುದ್ದೆ ತೊಳಸಿ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಕೈಗೆ ಕೆಲಸ ಕೊಡಬೇಡಿ ಎಂದು ವೈದ್ಯರು ಹೇಳಿದ್ದರು. ಮುದ್ದೆ ತೊಳಸದವರಿಗೆ ಆ ಅಡುಗೆಮನೆಯಲ್ಲಿ ಕೆಲಸವಿರಲಿಲ್ಲ.

ಯಂತ್ರ ಹೀಗಿತ್ತು. ಮೇಲೆ, ನಿಂತುಕೊಂಡು ತಿರುಗಿಸುವ ಹಿಡಿಕೆ. ಹಳೆಯ ಕೈಡ್ರಿಲ್ಲೊಂದರಿಂದ ಬಿಚ್ಚಿ ತೆಗೆದ ಎರಡು ಗೇರು. ಕೊಳಗದೊಳಗೆ ಇಳಿಯುವ ಎರಡು ಬಾಗಿದ ಪಟ್ಟಿ. ಕೆಳಗೆ, ಮನೆಗಳಲ್ಲಿ ಮುದ್ದೆ ತೊಳಸುವಾಗ ಪಾತ್ರೆ ಅಲುಗದಂತೆ ಕಾಲಲ್ಲಿ ಒತ್ತಿ ಹಿಡಿಯುವ ಕವೆಗೋಲಿನ ಜಾಗದಲ್ಲಿ ಕಬ್ಬಿಣದ ಒಂದು ಕವೆ, ಅದಕ್ಕೆ ಪೆಡಲು. ಪೆಡಲು ತುಳಿದರೆ ಕವೆ ಕೊಳಗದ ಕಂಠವನ್ನು ಹಿಡಿಯುತ್ತದೆ. ಪಾದ ಎತ್ತಿದರೆ ಬಿಡುತ್ತದೆ.

ಸುದ್ದಿ ಓದಿದವನಿಗೆ ವಸ್ತುವನ್ನು ಮುಟ್ಟಿ ನೋಡಿದಂತಾಗಬೇಕು ಎಂದು ನನಗೆ ಕೆಲಸ ಕಲಿಸಿದ ಉಪಸಂಪಾದಕರು ಹೇಳುತ್ತಿದ್ದರು. ನಾನು ಅಂಗಡಿಯ ಟೇಪು ತೆಗೆದುಕೊಂಡು ಹಿಡಿಕೆಯ ಎತ್ತರ, ಕವೆಯ ಅಗಲ, ಪೆಡಲಿನ ಉದ್ದ ಅಳೆದೆ. ಗೇರಿನ ಹಲ್ಲುಗಳನ್ನು ಎಣಿಸಿದೆ. ಎಲ್ಲವನ್ನೂ ಬರೆದೆ.

“ಅಕ್ಕನ ಹೆಸರು ಮೊದ್ಲು ಹಾಕ್ರಿ. ನಂದೇನೈತೆ, ಬರೀ ವೆಲ್ಡಿಂಗು,” ಎಂದರು ತಮ್ಮ.

“ಹೆಸರು ಹಾಕ್ಕಳ್ರಿ, ಫೋಟ ಮಾತ್ರ ಬ್ಯಾಡ. ಮಿಷನ್ನಿಂದ್ ತಕ್ಕಳ್ರಿ,” ಎಂದರು ಅಕ್ಕ.

“ನಿನ್ ಫೋಟ ಹಾಕಿದ್ರೆ ಪೇಪರ್ ಯಾರ್ ಕೊಳ್ತಾರೆ?”

“ಸುಮ್ನಿರಲೇ. ನಿನ್ ಮಕ ನೋಡಿ ಗೇಟ್ ಮಾಡಿಸ್ಕಂತಾರೇನು ಜನ?”

ಸುದ್ದಿ ಬಂದ ವಾರದಲ್ಲಿ ಹಿರಿಯೂರಿನ ಕಡೆಯ ಪಾತ್ರೆ ತಯಾರಕರೊಬ್ಬರು ಅಂಗಡಿ ಹುಡುಕಿಕೊಂಡು ಬಂದರು. ನಾನೂ ಇದ್ದೆ. ಅವರು ಪೆಡಲು ನಾಲ್ಕು ಸಲ ತುಳಿದು ನೋಡಿ, ಪೇಟೆಂಟ್ ಐತಾ ಎಂದು ಕೇಳಿದರು. ಇಲ್ಲ ಎಂದಾಗ ಮುಚ್ಚುಮರೆಯಿಲ್ಲದೆ ಹೇಳಿದರು: “ಪೇಟೆಂಟ್ ಇದ್ರೆ ನಿಮ್ಮ ಕೂಡ ಒಪ್ಪಂದ ಮಾಡ್ಕಂತೀನಿ. ಇಲ್ದಿದ್ರೆ ಯಾರ್ ಬೇಕಾದ್ರೂ ಮಾಡ್ಬಹುದು. ನಾನೂ ಮಾಡ್ಬಹುದು.”

ಅಂದಿನಿಂದ ಅಕ್ಕನಿಗೆ ಬೇಕಾದದ್ದು ಒಂದೇ. ಯಂತ್ರ ತನ್ನದು ಎಂದು ಹೇಳುವ ಸರ್ಕಾರದ ಕಾಗದ.

ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನನಗೆ ಪರಿಚಯದ ಮೆಕ್ಯಾನಿಕಲ್ ಉಪನ್ಯಾಸಕರಿದ್ದರು. ೨೦೨೦ರ ಜನವರಿಯ ಒಂದು ಭಾನುವಾರ ಅಕ್ಕ, ತಮ್ಮ, ನಾನು ಬಸ್ಸಿನಲ್ಲಿ ಅವರ ಮನೆಗೆ ಹೋದೆವು. ಹೊಸದು ಯಾವುದು ಎಂದು ಹೇಳಬೇಕಾದರೆ ಮೊದಲು ಹಳೆಯದೆಲ್ಲ ನೋಡಬೇಕು ಎಂದು ಅವರು ಕಂಪ್ಯೂಟರ್ ತೆರೆದು ಹಳೆಯ ಪೇಟೆಂಟುಗಳನ್ನು ಒಂದೊಂದಾಗಿ ತೋರಿಸಿದರು. ಹೆಚ್ಚಿನವು ಕಳೆದ ಶತಮಾನದ ಮೊದಲ ಎರಡು ದಶಕದವು, ಅಮೆರಿಕ ಮತ್ತು ಇಂಗ್ಲೆಂಡಿನವು. ಬೆಣ್ಣೆ ಕಡೆಯುವ ಪೀಪಾಯಿ, ಬಟ್ಟೆ ಹಿಂಡುವ ರೋಲರು, ಮೊಟ್ಟೆ ಕಲಕುವ ಚಕ್ರ, ಸೇಬಿನ ಸಿಪ್ಪೆ ತೆಗೆಯುವ ಸಾಧನ, ಗಡಿಯಾರದ ಸ್ಪ್ರಿಂಗಿನಿಂದ ತಾನೇ ತೂಗುವ ತೊಟ್ಟಿಲು.

ನಾನು ಅಷ್ಟು ಚೊಕ್ಕ ಬರವಣಿಗೆಯನ್ನು ಬೇರೆಲ್ಲೂ ಕಂಡಿರಲಿಲ್ಲ. ಮೊದಲು ಅರ್ಜಿದಾರ ಯಾರು, ಯಾವ ಊರಿನವರು. ಆಮೇಲೆ ಚಿತ್ರ. ಚಿತ್ರದ ಪ್ರತಿ ತಿರುಪು, ಪ್ರತಿ ಹಿಡಿಕೆಗೂ ಒಂದು ಅಂಕಿ. ಬರಹದಲ್ಲಿ ಆ ಅಂಕಿ ಹಿಡಿದು ಭಾಗ ಭಾಗವಾಗಿ ವಿವರಣೆ. ಕೊನೆಯಲ್ಲಿ, ಇಷ್ಟರಲ್ಲಿ ನಾನು ಹೊಸದೆಂದು ಹೇಳಿಕೊಳ್ಳುವುದು ಇದನ್ನು ಮಾತ್ರ ಎಂಬ ವಾಕ್ಯ. ಈ ಯಂತ್ರ ಯಾಕೆ ಬೇಕಾಯಿತು, ಮನೆಯಲ್ಲಿ ಯಾರ ಕೈ ನೋಯುತ್ತಿತ್ತು ಎಂಬ ಮಾತು ಇಲ್ಲ. ಒಂದು ಚಿತ್ರದಲ್ಲಿ ಹಿಡಿಕೆ ತಿರುಗಿಸುತ್ತಿರುವ ಕೈಯೊಂದನ್ನು ಬರೆದಿದ್ದರು. ಅಂಗಿಯ ತೋಳಿನ ಗುಂಡಿ ಕೂಡ ಕಾಣುತ್ತಿತ್ತು. ಮುಖ ಇರಲಿಲ್ಲ. ಅರ್ಜಿದಾರರಲ್ಲಿ ಅಲ್ಲೊಂದು ಇಲ್ಲೊಂದು ಹೆಂಗಸರ ಹೆಸರೂ ಇತ್ತು. ಉಪನ್ಯಾಸಕರು ಅದನ್ನು ಓದಿ ಹೇಳಿದಾಗ ಅಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಆಮೇಲೆ ಹಿಟ್ಟು ನಾದುವ ಬಕೆಟ್ಟುಗಳು ಬಂದವು. ಮೇಲೆ ತಿರುಗಿಸುವ ಹಿಡಿಕೆ, ನಡುವೆ ಗೇರು, ಒಳಗೆ ಬಾಗಿದ ಪಟ್ಟಿ. ತಮ್ಮ ಎದ್ದು ನಿಂತರು.

“ನಮ್ದೇ ಐತಲ್ಲಕ್ಕ ಇದು!”

“ನೂರು ವರ್ಷದ ಹಿಂದೇನೇ ಮಾಡಿ ಮುಗ್ಸಿಬಿಟ್ಟವ್ರೆ,” ಎಂದರು ಉಪನ್ಯಾಸಕರು.

ಅಕ್ಕ ಚಿತ್ರವನ್ನೇ ನೋಡುತ್ತ ಕೇಳಿದರು. “ಕೆಳಗೆ ಬಕೀಟ್ನ ಎಂಗೆ ಹಿಡಿಸವ್ರೆ ಸಾ?”

“ಮೇಜಿಗೆ ತಿರುಪು ಹಾಕಿ ಬಿಗಿದವ್ರಮ್ಮ.”

“ಇವ್ರ ಹಿಟ್ಟು ತಣ್ಣಗಿತ್ತು ಬಿಡ್ರಿ ಹಂಗಾದ್ರೆ. ನಮ್ದು ಒಲೆ ಮ್ಯಾಲೆ ಕುದೀತಿರ್ತೈತೆ. ತಿರುಪು ಬಿಚ್ಕಂಡು ಕುಂತ್ರೆ ಅಷ್ಟ್ರಾಗೆ ಮುದ್ದೆ ತಳ ಹಿಡಿದು ಸೀದೋಗ್ತೈತೆ. ಕಾಲೆತ್ತಿದ ಕೂಡ್ಲೆ ಬಿಡ್ಬೇಕು, ಇಳಿಸ್ಕಬೇಕು.”

ಉಪನ್ಯಾಸಕರು ಮತ್ತೆ ಹುಡುಕಲು ಕುಳಿತರು. ಊಟದ ಹೊತ್ತಿನವರೆಗೆ ನೋಡಿದರು. ಸಿಕ್ಕ ಬಕೆಟ್ಟುಗಳೆಲ್ಲ ಮೇಜಿಗೋ ಬೆಂಚಿಗೋ ಬಿಗಿದವು. ಕಾಲಿನಿಂದ ಹಿಡಿದು ಕಾಲಿನಿಂದಲೇ ಬಿಡುವಂಥದ್ದು ಒಂದೂ ಇರಲಿಲ್ಲ. ಹಿಡಿಕೆ, ಗೇರು, ಪಟ್ಟಿ ಬಿಟ್ಟುಬಿಡೋಣ, ಪೆಡಲು ಮತ್ತು ಕವೆಯನ್ನು ಮಾತ್ರ ಹೊಸದೆಂದು ಕೇಳೋಣ ಎಂದು ಅವರು ತೀರ್ಮಾನಿಸಿದರು. ಹೊರಡುವಾಗ ಒಂದು ಪ್ರಶ್ನೆ ಕೇಳಿದರು.

“ಇದನ್ನ ಎಲ್ಲೂ ಹೊರಗೆ ಬಿಟ್ಟಿಲ್ಲ ತಾನೆ?”

“ಇಲ್ಲ ಸಾರ್. ಇರೋದೇ ಒಂದು. ಯಾರಿಗೂ ಮಾರಿಲ್ಲ,” ಎಂದರು ತಮ್ಮ.

ನಾನು ಪಕ್ಕದಲ್ಲೇ ಇದ್ದೆ. ಪ್ರಶ್ನೆ ಮಾರಾಟದ ಬಗ್ಗೆ ಎಂದುಕೊಂಡೆ. ಪತ್ರಿಕೆಯಲ್ಲಿ ಬರೆಯುವುದನ್ನು ಹೊರಗೆ ಬಿಡುವುದು ಎಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ.

ಫೆಬ್ರವರಿಯಲ್ಲಿ ಉಪನ್ಯಾಸಕರು ಅರ್ಜಿಯ ಬರಹ, ಚಿತ್ರ ಕಳುಹಿಸಿದರು. ಹೊಸದುರ್ಗದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಕುಳಿತು ನಾವು ಅದನ್ನು ಚೆನ್ನೈನ ಪೇಟೆಂಟ್ ಕಚೇರಿಗೆ ಸಲ್ಲಿಸಿದೆವು. ಅರ್ಜಿದಾರರು ಅಕ್ಕ.

ನಮ್ಮ ಕಡೆ ಅರ್ಜಿಯ ಜೊತೆಗೆ ಪತ್ರಿಕೆಯ ತುಣುಕು ಇಡುವ ರೂಢಿ ಇದೆ. ಪಿಂಚಣಿ ನಿಂತಿದೆಯೆಂದು ಕೊಡುವ ಅರ್ಜಿಯಿರಲಿ, ಬಸ್ಸು ನಿಲ್ಲಿಸಿ ಎನ್ನುವ ಮನವಿಯಿರಲಿ, ವಿಷಯ ಪೇಪರಿನಲ್ಲಿ ಬಂದಿದ್ದರೆ ಅದರ ಜೆರಾಕ್ಸ್ ಕೆಳಗೆ ಇರುತ್ತದೆ. ಕೆಲವರು ತುಣುಕನ್ನು ಲ್ಯಾಮಿನೇಷನ್ ಮಾಡಿಸಿ ಚೀಲದಲ್ಲಿಟ್ಟುಕೊಂಡೇ ತಿರುಗುತ್ತಾರೆ. ತುಣುಕು ನೋಡಿ ಫೈಲು ಮೇಲೆ ಬಂದದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಬೇರೆ ದಾಖಲೆ ಏನಾದರೂ ಸೇರಿಸಬೇಕೇ ಎಂದು ಕೇಂದ್ರದಾಕೆ ಕೇಳಿದಾಗ ನಾನು ಚೀಲದಿಂದ ಅಕ್ಟೋಬರ್ ೯ರ ಪುಟ ತೆಗೆದುಕೊಟ್ಟೆ. “ಇದನ್ನೂ ಹಾಕಿ, ತೂಕ ಬರ್ತದೆ” ಎಂದೆ. ಉಪನ್ಯಾಸಕರನ್ನು ಕೇಳಲಿಲ್ಲ.

ಮುಂದಿನ ತಿಂಗಳು ಲಾಕ್‌ಡೌನ್ ಆಯಿತು. ವಿದ್ಯಾರ್ಥಿನಿಲಯ ಮುಚ್ಚಿತು. ಪೇಟೆಂಟ್ ಕಚೇರಿಯ ಪರೀಕ್ಷಕರ ವರದಿ ಇಮೇಲಿನಲ್ಲಿ ಬಂದದ್ದು ೨೦೨೧ರ ಜನವರಿಯಲ್ಲಿ. ಯಂತ್ರ ಹೊಸದಲ್ಲ ಎನ್ನಲು ಅದರಲ್ಲಿ ಎರಡು ಆಧಾರಗಳನ್ನು ತೋರಿಸಿದ್ದರು. ಒಂದು ಹಿಟ್ಟು ನಾದುವ ಹಳೆಯ ಅಮೆರಿಕನ್ ಬಕೆಟ್ಟು. ಅದಕ್ಕೆ ನಮ್ಮಲ್ಲಿ ಉತ್ತರವಿತ್ತು. ಎರಡನೆಯದು ನನ್ನ ಸುದ್ದಿ. ಪಾದ ಎತ್ತಿದೊಡನೆ ಕವೆ ಕೊಳಗವನ್ನು ಬಿಡುತ್ತದೆ ಎಂಬ ನನ್ನ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅನುವಾದ ಸರಿಯಾಗಿತ್ತು.

ಉಪನ್ಯಾಸಕರು ಫೋನ್ ಮಾಡಿದರು.

“ಆ ಕಟಿಂಗ್ ಯಾರು ಸೇರ್ಸಿದ್ದು?”

“ನಾನು.”

“ತಾರೀಖು ನೋಡಿದ್ರಾ?”

ನೋಡಿದ್ದೆ. ಅರ್ಜಿಗಿಂತ ನಾಲ್ಕು ತಿಂಗಳು ಹಿಂದಿನದು. ಅರ್ಜಿ ಹಾಕುವ ದಿನಕ್ಕೆ ಮೊದಲು ಜನರಿಗೆ ಗೊತ್ತಾದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ, ಮಾಡಿದವರೇ ಹೇಳಿದ್ದರೂ ಹೊಸದಲ್ಲ ಎಂದು ಅವರು ವಿವರಿಸಿದರು. ಸುದ್ದಿಯಲ್ಲಿ ಪೆಡಲು ಇತ್ತು, ಕವೆ ಇತ್ತು, ಅಳತೆ ಇತ್ತು. ಅದನ್ನು ಓದಿದ ಯಾವ ವೆಲ್ಡರ್ ಬೇಕಾದರೂ ಯಂತ್ರ ಮಾಡಬಹುದಿತ್ತು.

ನಾನು ಅಂಗಡಿಗೆ ಹೋಗಿ ಇಬ್ಬರಿಗೂ ಹೇಳಿದೆ. ತಮ್ಮ ಒಂದು ದಾರಿ ಸೂಚಿಸಿದರು.

“ಆ ಸುದ್ದಿ ತಪ್ಪಾಗಿತ್ತು ಅಂತ ಒಂದು ತಿದ್ದುಪಡಿ ಹಾಕಿಬಿಡ್ರಿ. ಪೆಡಲು ಗಿಡಲು ಏನೂ ಇರ್ಲಿಲ್ಲ, ಬರೆಯೋವಾಗ ಹೆಚ್ಚುಕಮ್ಮಿ ಆತು ಅಂತ.”

“ಸುದ್ದಿ ತಪ್ಪಿಲ್ಲ,” ಎಂದೆ.

“ಊರಿಗೆಲ್ಲ ತಿದ್ದುಪಡಿ ಹಾಕ್ತೀರಿ. ನಮಗೊಂದು ಹಾಕಕ್ಕಾಗಲ್ವೇನ್ರಿ?”

ಅಕ್ಕ ತಮ್ಮನ ಕಡೆ ತಿರುಗಿದರು. “ಪೇಪರ್‌ನಾಗೆ ನನ್ ಹೆಸರು ಬಂದಿದ್ದು ಅದೊಂದೇ ಸಲ ಕಣಲೇ. ಅದನ್ನೂ ಸುಳ್ಳು ಅನ್ಸಿಬಿಡ್ತೀಯಾ?”

“ಹೆಸರು ಬಂದು ಏನಾತು? ಮಿಷನ್ ಹೋತಲ್ಲ.”

“ಹೋಗ್ಲಿ ಬಿಡು,” ಎಂದರು ಅಕ್ಕ. ಆಮೇಲೆ ನನ್ನ ಕಡೆ ನೋಡಿದರು. “ನಿಮ್ದೇನೂ ತಪ್ಪಿಲ್ಲ ಅಂತ ಅನ್ನಲ್ಲ ನಾನು. ಆ ಹಾಳೆ ಹಾಕ್ರಿ ಅಂದೋರು ನೀವೇ.”

ಹೌದು ಎಂದೆ. ತಿದ್ದುಪಡಿ ಹಾಕಲಿಲ್ಲ.

ವಿಚಾರಣೆ ಆಗಸ್ಟಿನಲ್ಲಿ, ಉಪನ್ಯಾಸಕರ ಮನೆಯ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಉಪನ್ಯಾಸಕರು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಆ ದಿನ ಯಂತ್ರವನ್ನು ರಸ್ತೆಯ ಬದಿಯಲ್ಲಿ ಇಟ್ಟಿದ್ದು ನಿಜವೇ? ನಿಜ ಎಂದರು ಅಕ್ಕ. ವರದಿಗಾರರು ನಿಮ್ಮ ಒಪ್ಪಿಗೆ ಪಡೆದು ಬರೆದರೇ? “ನಾನೇ ನಿಂತು ಹೇಳಿ ಬರ್ಸಿದ್ದು.” ಪ್ರದರ್ಶನದಲ್ಲಿ ಇಟ್ಟ ವಸ್ತುವಿಗೆ ಅರ್ಜಿ ಹಾಕಲು ಒಂದು ವರ್ಷದ ವಿನಾಯಿತಿ ಇದೆಯಲ್ಲ ಎಂದು ಉಪನ್ಯಾಸಕರು ವಾದಿಸಿದರು. ಅದು ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಎಂದರು ಅಧಿಕಾರಿ. ಆಯುಧಪೂಜೆ ಆ ಪಟ್ಟಿಯಲ್ಲಿರಲಿಲ್ಲ. ಎಲ್ಲ ಸೇರಿ ಕಾಲು ಗಂಟೆಯೂ ಆಗಲಿಲ್ಲ.

ನವೆಂಬರಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಅದನ್ನೂ ಸುದ್ದಿ ಮಾಡಿ ಕಳುಹಿಸಿದೆ. ತಿರಸ್ಕಾರಕ್ಕೆ ಕಾರಣವಾದ ತುಣುಕನ್ನು ಬರೆದವನೂ ಲಗತ್ತಿಸಿದವನೂ ಈ ವರದಿಗಾರನೇ ಎಂದು ಕೊನೆಯ ಪ್ಯಾರಾದಲ್ಲಿ ಸೇರಿಸಿದ್ದೆ. ಪುಟದಲ್ಲಿ ಜಾಗ ಸಾಲದೆ ಡೆಸ್ಕಿನವರು ಆ ಪ್ಯಾರಾ ತೆಗೆದರು.

ಮುಂದಿನ ಬೇಸಿಗೆಗೆ ಹಿರಿಯೂರಿನ ಪಾತ್ರೆ ಅಂಗಡಿಗಳಲ್ಲಿ ಪೆಡಲು ಇರುವ ಮುದ್ದೆ ಯಂತ್ರ ಬಂದಿತ್ತು. ಬೇರೆ ಕೆಲಸಕ್ಕೆ ಹೋಗಿದ್ದ ತಮ್ಮ ಅದನ್ನು ಕಂಡು ಅಲ್ಲಿಂದಲೇ ಫೋನ್ ಮಾಡಿದರು. “ಗೇರಿನ ಹಲ್ಲು ಕೂಡ ನೀವು ಬರೆದಷ್ಟೇ ಅವೆ ಕಣ್ರಿ. ಒಂದ್ ಹೆಚ್ಚಿಲ್ಲ, ಒಂದ್ ಕಮ್ಮಿ ಇಲ್ಲ.”

ಅಕ್ಕ ಕೆಲಸ ಬಿಡಲಿಲ್ಲ. ವಿದ್ಯಾರ್ಥಿನಿಲಯ ಮತ್ತೆ ತೆರೆದ ಮೇಲೆ ತಮ್ಮ ಮಾಡಿಕೊಟ್ಟ ಮೊದಲ ಯಂತ್ರದಲ್ಲೇ ಮುದ್ದೆ ತೊಳಸುತ್ತಿದ್ದಾರೆ. ಕೈಯ ಊತ ಇಳಿದಿದೆ.

೨೦೨೪ರ ಡಿಸೆಂಬರಿನಲ್ಲಿ ಅಂಗಡಿಯ ಮುಂದೆ ಹಾದುಹೋಗುವಾಗ ಶಟರ್ ಅರ್ಧ ಇಳಿಸಿತ್ತು. ಒಳಗೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಬಗ್ಗಿ ನೋಡಲು ಹೋದೆ.

“ಅಲ್ಲೇ ನಿಂತ್ಕಳ್ರಿ!” ಅಕ್ಕನ ದನಿ. ಅವರು ಬಗ್ಗಿಕೊಂಡು ಹೊರಗೆ ಬಂದು ಶಟರನ್ನು ಇನ್ನೊಂದು ಗೇಣು ಎಳೆದರು.

“ಹೊಸದೇನೋ ಮಾಡ್ತಿದೀರಿ?”

“ಮಾಡ್ತಿದೀವಿ. ಅರ್ಜಿ ಹಾಕಿದ್ಮ್ಯಾಲೆ ಬರ್ರಿ. ಟೀ ಕುಡೀರಿ, ತರಿಸ್ತೀನಿ.”

ಟೀ ಹೊರಗೇ ಕುಡಿದೆ.

೨೦೨೫ರ ಮಾರ್ಚ್‌ನಲ್ಲಿ ಎರಡನೆಯ ಅರ್ಜಿ ಸಲ್ಲಿಕೆಯಾಗಿದೆ ಎಂದು ಉಪನ್ಯಾಸಕರು ತಿಳಿಸಿದರು. ಅರ್ಜಿದಾರರು ಅಕ್ಕ. ಅರ್ಜಿಯ ವಿವರ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗುವುದು ಹದಿನೆಂಟು ತಿಂಗಳ ಬಳಿಕ. ಅದು ಯಾವ ಕೆಲಸದ ಯಂತ್ರ ಎಂಬುದು ನನಗೆ ಇದುವರೆಗೆ ತಿಳಿದಿಲ್ಲ.